"ಟು ಎ ಟಿ" ಅನ್ನುವುದಕ್ಕೆ ಕನ್ನಡದಲ್ಲಿ ಏನಂತೀರಿ?

ಸಬ್‌ಟೈಟಲ್ ಸಂಕಟ
ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಧಾರಾವಾಹಿಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತೇನೆ. ಈ ವಾರ ಕೈಗೆ ಬಂದ ಕಂತಿನಲ್ಲಿ "ಟು ಎ ಟಿ", ಅಂದರೆ ಒಂಚೂರೂ ಹೆಚ್ಚುಕಡಿಮೆ ಇಲ್ಲದೆ ಸರಿಯಾಗಿ, ಅನ್ನುವ ಮಾತು ಮೂರು ಸಲ ಇದೆ. ಮೊದಲನೆಯದು, ಮೊಮ್ಮಗ ತಾತನ ಹಳೇ ಕೋಟು ಹಾಕಿಕೊಂಡು ಬರುತ್ತಾನೆ, ಅಜ್ಜಿ ನೋಡಿ "ಇಟ್ ಫಿಟ್ಸ್ ಯೂ ಟು ಎ ಟಿ" ಅನ್ನುತ್ತಾಳೆ. ಎರಡನೆಯದು ಪೊಲೀಸ್ ಠಾಣೆಯಲ್ಲಿ, "ದಟ್ ಡಿಸ್ಕ್ರೈಬ್ಸ್ ಹಿಮ್ ಟು ಎ ಟಿ". ಮೂರನೆಯದು ಕಳ್ಳರ ಬಾಯಲ್ಲಿ, "ವಿ ಫಾಲೋಡ್ ದ ಪ್ಲಾನ್ ಟು ಎ ಟಿ". ನಾನು ಮೂರಕ್ಕೂ "ಕರಾರುವಾಕ್ಕಾಗಿ" ಅಂತ ಹಾಕಿ ಕಳಿಸಿಬಿಟ್ಟೆ. ರಾತ್ರಿ ಎರಡು ಗಂಟೆ ಆಗಿತ್ತು, ತಪ್ಪು ನನ್ನದೇ. ಪರಿಶೀಲನೆ ಮಾಡುವವರು ವಾಪಸ್ ಕಳಿಸಿದ್ದಾರೆ, ಪಕ್ಕದಲ್ಲಿ ಒಂದೇ ಸಾಲು: "ಈ ಅಜ್ಜಿ ಏನು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡ್ತಾಳಾ?"

ಎರಡು ಪ್ರಶ್ನೆ. ಆ ಟಿ ಅಂದರೆ ಏನು? ಮತ್ತೆ, ಕನ್ನಡದಲ್ಲಿ ನೀವು ದಿನಾ ಆಡುವ ಮಾತಿನಲ್ಲಿ ಇದಕ್ಕೆ ಏನು ಹೇಳುತ್ತೀರಿ? ಚಿಕ್ಕದಾಗಿರಬೇಕು, ಪರದೆ ಮೇಲೆ ಎರಡು ಸಾಲಿಗಿಂತ ಜಾಸ್ತಿ ಜಾಗ ಇಲ್ಲ.

ಸುಮ್ನೆ ಓದುಗ
ಟಿ ಅಂದರೆ ಟೀ ಶರ್ಟು. ಮೈಗೆ ಸರಿಯಾಗಿ ಕೂರುತ್ತಲ್ಲ, ಅದಕ್ಕೇ. ಮುಗೀತು.

ಡ್ರಾಯಿಂಗ್ ಶೀಟ್
ಟೀ ಶರ್ಟೂ ಅಲ್ಲ, ಏನೂ ಅಲ್ಲ. ಅದು ಟಿ-ಸ್ಕ್ವೇರ್. ನಾನು ಸಿವಿಲ್ ಡಿಪ್ಲೊಮಾ ಮಾಡಿದವನು, ಕಂಪ್ಯೂಟರ್ ಬರುವ ಮೊದಲಿನ ಬ್ಯಾಚು. ಟಿ ಆಕಾರದ ಮರದ ಪಟ್ಟಿ, ಅದರ ತಲೆಯನ್ನು ಬೋರ್ಡಿನ ಎಡ ಅಂಚಿಗೆ ಒತ್ತಿ ಹಿಡಿದು ಗೆರೆ ಎಳೆದರೆ ಸಾಕು, ಮೇಲಿಂದ ಕೆಳಗೆ ಎಷ್ಟು ಗೆರೆ ಎಳೆದರೂ ಒಂದೂ ಓರೆ ಆಗುವುದಿಲ್ಲ. ಬೆವರಿದ ಕೈ ಜಾರಿ ತಲೆ ಅರ್ಧ ಕೂದಲಿನಷ್ಟು ಅಲುಗಿತೋ, ಇಡೀ ಹಾಳೆ ಹೊಸದಾಗಿ ಶುರು. ನಮ್ಮ ಮೇಷ್ಟ್ರು ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓರೆ ಕಂಡುಹಿಡಿಯುತ್ತಿದ್ದರು. ಗಾರೆ ಕೆಲಸದವರಿಗೆ ಮೂಲೆಮಟ್ಟ ಇದ್ದ ಹಾಗೆ ನಮಗೆ ಟಿ-ಸ್ಕ್ವೇರ್. ನಿಖರ ಅನ್ನುವುದಕ್ಕೆ ಇದಕ್ಕಿಂತ ಒಳ್ಳೇ ಗುರುತು ಯಾವುದಿದೆ ಹೇಳಿ?

ಧಾರವಾಡ ಫೇಡೆ
ಮತ್ತ ಗಾಲ್ಫ್ ಆಡೋ ಮಂದಿ ಚೆಂಡ ಇಡೋ ಸಣ್ಣ ಮೊಳಿಗೂ ಟೀ ಅಂತಾರಲ್ರೀ. ಅದೂ ಇರಬಹುದಲ್ಲ. ಬರೆಯುವಾಗ ಕೆಲವರು ಟಿ ಇ ಇ ಅಂತಲೇ ಬರೆಯುತ್ತಾರೆ, ನಾನೇ ನೋಡಿದ್ದೇನೆ.

ಕರಡು ತಿದ್ದುವವಳು
ಇದು ನನಗೆ ಪ್ರೀತಿಯ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಟೀ ಶರ್ಟು. ಆ ಪದ ಇಂಗ್ಲಿಷ್ ಅಚ್ಚಿನಲ್ಲಿ ಕಾಣಿಸಿಕೊಂಡದ್ದೇ 1920ರ ಹೊತ್ತಿಗೆ. "ಟು ಎ ಟಿ" 1693ರಲ್ಲೇ ಅಚ್ಚಾಗಿದೆ. ಇನ್ನೂರು ವರ್ಷಕ್ಕೂ ಹೆಚ್ಚು ಅಂತರ, ಆದ್ದರಿಂದ ಆ ಶರ್ಟು ಮಡಚಿ ಇಡಿ. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಿಂದ ಬಂತು ಅನ್ನುವವರೂ ಇದ್ದಾರೆ, ಅದು 1908ರ ಕಾರು, ಅದಕ್ಕೂ ಇದೇ ಉತ್ತರ.

ಈಗ ಟಿ-ಸ್ಕ್ವೇರ್. ಡ್ರಾಯಿಂಗ್ ಶೀಟ್ ಸರ್, ನಿಮ್ಮ ಮಾತು ಕೇಳಲು ಚೆನ್ನಾಗಿದೆ. ಆದರೆ ಮಾತಿನ ಆಕಾರ ನೋಡಿ. ಸಾಧನದ ಹೆಸರಾಗಿದ್ದರೆ "ಟಿ ಹಿಡಿದು", "ಟಿಯಿಂದ" ಅಂತ ಬರಬೇಕಿತ್ತು. ಇದು "ಟಿ ತನಕ". ಅಂದರೆ ಒಂದು ಗಡಿ. ಇಷ್ಟು ಸಣ್ಣದರ ತನಕವೂ ಸರಿ ಇದೆ ಅಂತ. ಇಂಗ್ಲಿಷ್‌ನಲ್ಲಿ ಇದೇ ಅಚ್ಚಿನ ಬೇರೆ ಮಾತುಗಳೂ ಇದ್ದವು. "ಟು ಎ ಹೇರ್", ಅಂದರೆ ಒಂದು ಕೂದಲಿನ ತನಕ. ಶೇಕ್ಸ್‌ಪಿಯರನ ಟ್ರಾಯ್ಲಸ್ ಅಂಡ್ ಕ್ರೆಸಿಡಾ ನಾಟಕದಲ್ಲೇ ಅದು ಬರುತ್ತದೆ. ನಾವು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅನ್ನುತ್ತೇವಲ್ಲ, ಹೆಚ್ಚು ಕಡಿಮೆ ಅದೇ.

ಇನ್ನೊಂದು "ಟು ಎ ಟಿಟಲ್". 1607ರಲ್ಲಿ ಅಚ್ಚಾದ ಫ್ರಾನ್ಸಿಸ್ ಬೋಮಾಂಟ್‌ನ ದಿ ವುಮನ್ ಹೇಟರ್ ಅನ್ನುವ ನಾಟಕದಲ್ಲಿ ಇದು ಸಿಗುತ್ತದೆ, ಅಂದರೆ "ಟು ಎ ಟಿ"ಗಿಂತ 86 ವರ್ಷ ಹಿಂದೆ. ಟಿಟಲ್ ಅಂದರೆ ಅಕ್ಷರದ ಮೇಲಿನ ಸಣ್ಣ ಗುರುತು. ಇಂಗ್ಲಿಷ್ ಐ ಮತ್ತು ಜೆ ಅಕ್ಷರಗಳ ಚಿಕ್ಕ ರೂಪದ ಮೇಲೆ ಚುಕ್ಕಿ ಇಡುತ್ತೇವಲ್ಲ, ಆ ಚುಕ್ಕಿಗೆ ಇವತ್ತಿಗೂ ಅದೇ ಹೆಸರು. ಆ ಟಿಟಲ್ ಮೊಟಕಾಗಿ ಬರೀ ಟಿ ಉಳಿಯಿತು ಅನ್ನುವುದು ನಿಘಂಟು ಮಾಡುವವರಲ್ಲಿ ಹೆಚ್ಚಿನವರು ಒಪ್ಪುವ ವಿವರಣೆ. ಯಾರೋ ಕೂತು ಮೊಟಕು ಮಾಡಿದ ದಾಖಲೆ ಏನೂ ಇಲ್ಲ, ಆದರೆ ಮಿಕ್ಕ ಕತೆಗಳಿಗಿಂತ ಇದಕ್ಕೆ ಕಾಲು ಗಟ್ಟಿ.

ಡ್ರಾಯಿಂಗ್ ಶೀಟ್
"ಟಿ ಹಿಡಿದು" ಅಂತ ಬರಬೇಕಿತ್ತು ಅನ್ನುವ ಮಾತು ಒಪ್ಪಿದೆ. ಮನಸ್ಸು ಮಾತ್ರ ಒಪ್ಪುತ್ತಿಲ್ಲ. ನಾಲ್ಕು ಸೆಮಿಸ್ಟರ್ ಹೊತ್ತುಕೊಂಡು ಬಸ್ಸಿನಲ್ಲಿ ತಿರುಗಿದ್ದೇನೆ ಅದನ್ನ. ಪಕ್ಕದವರ ಕಣ್ಣಿಗೆ ಚುಚ್ಚದ ಹಾಗೆ ಹಿಡಿದುಕೊಳ್ಳುವುದೇ ಒಂದು ವಿದ್ಯೆ.

ಅದಿರಲಿ, ಚುಕ್ಕಿಗೆ ಅಷ್ಟು ಮರ್ಯಾದೆ ಯಾಕೆ ಬಂತು? ಚುಕ್ಕಿ ಇಡದಿದ್ದರೂ ಓದಬಹುದಲ್ಲ?

ಕರಡು ತಿದ್ದುವವಳು
ಈಗ ಓದಬಹುದು. ಆಗ ಆಗುತ್ತಿರಲಿಲ್ಲ. ಹಳೇ ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಐ, ಎನ್, ಎಂ, ಯು ಎಲ್ಲವೂ ಒಂದೇ ತರದ ನೆಟ್ಟಗಿನ ಗೀಟುಗಳು. ಒಂದು ಗೀಟು ಐ, ಎರಡು ಗೀಟು ಎನ್ ಅಥವಾ ಯು, ಮೂರು ಗೀಟು ಎಂ. "ಮಿನಿಮಮ್" ಅನ್ನುವ ಪದವನ್ನು ಆ ಬರವಣಿಗೆಯಲ್ಲಿ ಬರೆದರೆ 15 ಗೀಟು ಸಾಲಾಗಿ ನಿಂತ ಬೇಲಿ ತರ ಕಾಣುತ್ತದೆ. ಅದಕ್ಕೇ ಸುಮಾರು 11ನೇ ಶತಮಾನದಿಂದ ನಕಲು ಮಾಡುವವರು ಐ ಮೇಲೆ ಒಂದು ಚಿಕ್ಕ ಗೆರೆ ಎಳೆಯುವ ರೂಢಿ ಮಾಡಿಕೊಂಡರು. ಅದೇ ಮುಂದೆ ಚುಕ್ಕಿ ಆಯಿತು. ಟಿಟಲ್, ಟೈಟಲ್, ಸ್ಪ್ಯಾನಿಷ್‌ನಲ್ಲಿ ಎನ್ ಮೇಲೆ ಹಾಕುವ ಅಲೆಯ ಗುರುತಿನ ಹೆಸರು ಟಿಲ್ಡೆ, ಈ ಮೂರೂ ಒಂದೇ ಲ್ಯಾಟಿನ್ ಪದದ ಮಕ್ಕಳು. ಅಂದಹಾಗೆ ಸಬ್‌ಟೈಟಲ್ ಬರೆಯುವವರು ಟಿಟಲ್ ಬಗ್ಗೆ ಕೇಳುತ್ತಿರುವುದು ನನಗೆ ಬಹಳ ಖುಷಿ ಕೊಟ್ಟಿತು.

ಈಗ ಕನ್ನಡದ ಮಾತಿಗೆ ಬರುತ್ತೇನೆ. ಬೈಬಲ್ಲಿನಲ್ಲಿ ಮತ್ತಾಯನ ಸುವಾರ್ತೆ ಐದನೇ ಅಧ್ಯಾಯದ 18ನೇ ವಚನದಲ್ಲಿ ಧರ್ಮಶಾಸ್ತ್ರದಿಂದ ಒಂದು ಸಣ್ಣ ಗುರುತೂ ಅಳಿಯುವುದಿಲ್ಲ ಅನ್ನುವ ಮಾತಿದೆ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಅಲ್ಲಿ ಇರುವ ಪದ ಇದೇ, ಟಿಟಲ್. ಹಳೇ ಕನ್ನಡ ಬೈಬಲ್ ತೆಗೆದು ನೋಡಿ. ಒಂದು ಸೊನ್ನೆಯಾದರೂ ಒಂದು ಗುಡುಸಾದರೂ ಅಳಿದುಹೋಗಲಾರದು ಅಂತ ಇದೆ. ಕ ಅಕ್ಷರಕ್ಕೆ ಗುಡಿಸು ಹಾಕಿದರೆ ಕಿ ಅಂತ ಕಾಗುಣಿತ ಕಲಿತಿದ್ದೀವಲ್ಲ, ಅದೇ ಗುಡಿಸು. ಇಂಗ್ಲಿಷ್ ಚುಕ್ಕಿಯನ್ನು ಹೊತ್ತು ತಂದು ಕನ್ನಡದಲ್ಲಿ ಇಳಿಸಲಿಲ್ಲ ಅವರು. ನಮ್ಮ ಅಕ್ಷರದಲ್ಲಿ ಅಷ್ಟೇ ಸಣ್ಣದು ಯಾವುದು ಅಂತ ಹುಡುಕಿದರು. ನನ್ನ ಮಟ್ಟಿಗೆ "ಟು ಎ ಟಿ"ಗೆ ಕನ್ನಡದಲ್ಲಿ ಇಲ್ಲಿಯವರೆಗೆ ಸಿಕ್ಕ ಅತ್ಯುತ್ತಮ ಉತ್ತರ ಅದು.

ಸುಮ್ನೆ ಓದುಗ
ಅಬ್ಬಾ. ಟೀ ಶರ್ಟಿನ ಮಾತು ವಾಪಸ್ ತಗೊಂಡೆ. ಆದರೆ ಸೊನ್ನೆ ಬಿಟ್ಟರೆ ಅಂಥಾದ್ದೇನು ಆಗುತ್ತೆ ಅಕ್ಕಾ? ಫೋನಲ್ಲಿ ನಾವು ದಿನಾ ಬಿಡ್ತೀವಿ.

ಕರಡು ತಿದ್ದುವವಳು
ಕೇಳಿ. ನಮ್ಮಪ್ಪ ಊರಲ್ಲಿ ಚಿಕ್ಕ ಪ್ರೆಸ್ ಇಟ್ಟಿದ್ದರು, ಮೊಳೆ ಜೋಡಿಸುವ ಕಾಲದ್ದು. ಟ್ರೆಡಲ್ ಮಷಿನ್, ಕಾಲಲ್ಲಿ ತುಳಿಯುವುದು. ಮದುವೆ ಕಾಗದ, ಬಿಲ್ ಪುಸ್ತಕ, ಜಾತ್ರೆ ಕರಪತ್ರ, ಇಷ್ಟೇ ಕೆಲಸ. ಮರದ ಪೆಟ್ಟಿಗೆಯಲ್ಲಿ ಚೌಕ ಚೌಕ ಗೂಡು, ಒಂದೊಂದರಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆ. ಜೋಡಿಸುವವರು ಪೆಟ್ಟಿಗೆ ಕಡೆ ನೋಡುತ್ತಲೇ ಇರಲಿಲ್ಲ, ಕೈ ತಾನೇ ಹೋಗುತ್ತಿತ್ತು. ಸೊನ್ನೆಯ ಮೊಳೆ ಎಲ್ಲಕ್ಕಿಂತ ಸಣ್ಣದು. ಬೆರಳಿಗೆ ಸಿಕ್ಕಿದ್ದೂ ಗೊತ್ತಾಗುವುದಿಲ್ಲ, ಬಿದ್ದದ್ದೂ ಗೊತ್ತಾಗುವುದಿಲ್ಲ. ಸಂಜೆ ಕಸ ಗುಡಿಸುವಾಗ ಅದನ್ನು ಆರಿಸುವುದು ನನ್ನ ಕೆಲಸ.

ಒಂದು ಸಲ ಪಕ್ಕದ ಊರಿನ ದೇವಸ್ಥಾನದ ಕಾಗದ ಬಂತು. ಹೊಸ ಗುಡಿಯ ಪ್ರವೇಶ, ಆಮೇಲೆ ಊಟ. ಮೊಳೆ ಜೋಡಿಸಿ, ಶಾಯಿ ಬಳಿದು, ಮೊದಲ ಹಾಳೆ ತೆಗೆದು ಅಪ್ಪ ನನ್ನ ಕೈಗೆ ಕೊಟ್ಟರು, ಓದು ಅಂತ. "ನೂತನ ಗುಂಡಿಯ ಪ್ರವೇಶಕ್ಕೆ ತಾವೆಲ್ಲರೂ ಕುಟುಂಬ ಸಮೇತರಾಗಿ ಆಗಮಿಸಬೇಕು." ಜಾಸ್ತಿ ಬಂದದ್ದು ಒಂದೇ ಒಂದು ಸೊನ್ನೆ. ನಾನು ಎಂಟು ವರ್ಷದವಳು, ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ. ಚಿಮಟ ತಗೊಂಡು ಆ ಮೊಳೆ ಕಿತ್ತು, ನನ್ನ ಅಂಗೈ ಮೇಲಿಟ್ಟು, "ನೋಡು, ಇಷ್ಟೇ ಇದೆ" ಅಂದರು. ಮೊಳೆಯ ತುದಿಯಲ್ಲಿದ್ದ ಸೊನ್ನೆ ಅಕ್ಕಿ ನುಚ್ಚಿಗಿಂತ ಸ್ವಲ್ಪ ದೊಡ್ಡದು. 500 ಕಾಗದ ಅಚ್ಚಾಗುವ ಮೊದಲು ಸಿಕ್ಕಿತು ಅನ್ನುವುದು ನಮ್ಮ ಪುಣ್ಯ.

ಧಾರವಾಡ ಫೇಡೆ
ಗುಂಡಿ ಪ್ರವೇಶ! ಊಟ ಮಾಡುವಾಗ ಓದಬಾರದಿತ್ತು.

ಇದೇ ತರ ನಮ್ಮ ಪ ಮತ್ತು ಷ. ಹೊಟ್ಟೆ ಸೀಳಿದ ಷ ಅಂತ ಶಾಲೆಯಲ್ಲಿ ಹೇಳಿಕೊಡುತ್ತಿದ್ದರು. ಒಂದು ಸಣ್ಣ ಗೆರೆ, ಅಷ್ಟರಲ್ಲಿ ಅಕ್ಷರವೇ ಬೇರೆ.

ನನ್ನ ಮತ ಬರೋಬ್ಬರಿಗೆ. ನಮ್ಮ ಕಡೆ ಯಾವುದಾದರೂ ಸರಿಯಾಗಿ ಕೂತರೆ, ಲೆಕ್ಕ ಹೊಂದಿದರೆ, "ಬರೋಬರಿ ಆತು ನೋಡ್ರಿ" ಅಂತೀವಿ. ಪರ್ಷಿಯನ್‌ನ ಬರಾಬರ್ ಅದು, ಸಮ ಸಮ ಅಂತ ಅರ್ಥ. ಕೋಟಿಗೂ ಆಗುತ್ತೆ, ಕಳ್ಳರಿಗೂ ಆಗುತ್ತೆ.

ಸಬ್‌ಟೈಟಲ್ ಸಂಕಟ
ಫೇಡೆ ಸರ್, ನಿಮ್ಮ ಕಡೆ ಸರಿ. ಆದರೆ ಟಿವಿ ನ್ಯೂಸಿನವರು ಆ ಪದದ ಕತೆ ಮುಗಿಸಿದ್ದಾರೆ. "ಬರೋಬ್ಬರಿ 500 ಕೋಟಿ ಗಳಿಕೆ" ಅಂದರೆ ಈಗ ಯಾರಿಗೂ ಸರಿಯಾಗಿ ಐನೂರು ಅಂತ ಅನಿಸುವುದಿಲ್ಲ, ಅಬ್ಬಾ ಎಷ್ಟೊಂದು ಅಂತ ಅನಿಸುತ್ತೆ. ಅಳತೆಯ ಪದ ಹೋಗಿ ಬೆರಗಿನ ಪದ ಆಗಿಬಿಟ್ಟಿದೆ. ನಾನು "ಬರೋಬ್ಬರಿ ಕೂತಿದೆ" ಅಂತ ಹಾಕಿದರೆ ಬೆಂಗಳೂರು ಮೈಸೂರಿನ ಕಡೆಯವರು ತಲೆ ಕೆರೆದುಕೊಳ್ಳುತ್ತಾರೆ.

ಧಾರವಾಡ ಫೇಡೆ
ಅದು ಖರೇ. ನ್ಯೂಸ್‌ನವರಿಗೆ ಒಂದು ನಮಸ್ಕಾರ.

ಲೀಡ್ಸ್ ಚಳಿ
ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಬಳಕೆ ಬಗ್ಗೆ ಎರಡು ಮಾತು. ಇಲ್ಲಿ "ಡೌನ್ ಟು ಎ ಟಿ" ಅಂತಲೂ ಹೇಳುತ್ತಾರೆ, ವಿಶೇಷವಾಗಿ ಯಾರಿಗಾದರೂ ಒಂದು ಕೆಲಸ ಪೂರ್ತಿ ಕೈವಶ ಆಗಿದ್ದರೆ. ಆದರೆ ಈ ಮಾತು ಒಂಟಿಯಾಗಿ ನಿಲ್ಲುವುದಿಲ್ಲ. ಒಪ್ಪುವುದು, ಹೊಂದುವುದು, ವರ್ಣಿಸುವುದು, ಯೋಜಿಸುವುದು, ಇಂಥ ಕ್ರಿಯಾಪದದ ಬಾಲ ಹಿಡಿದೇ ಬರಬೇಕು. ನಮ್ಮವರು ಮೀಟಿಂಗಿನಲ್ಲಿ "ಯುವರ್ ಆನ್ಸರ್ ಈಸ್ ಟು ಎ ಟಿ" ಅಂದುಬಿಡುತ್ತಾರೆ. ಕೇಳಿದವರಿಗೆ ವಾಕ್ಯ ಅರ್ಧಕ್ಕೆ ನಿಂತ ಹಾಗೆ ಅನಿಸುತ್ತೆ. ನಾನೇ ಅಂದಿದ್ದೇನೆ, ಎದುರಿಗಿದ್ದವರು ಮುಂದಿನ ಪದಕ್ಕೆ ಕಾಯುತ್ತಾ ಕೂತಿದ್ದರು. ಉತ್ತರ ಸರಿ ಅನ್ನುವುದಕ್ಕೆ ಇಲ್ಲಿ "ಸ್ಪಾಟ್ ಆನ್". ಅಂಗಡಿ, ಬಸ್ಸು, ಆಫೀಸು, ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. "ಬ್ಯಾಂಗ್ ಆನ್" ಕೂಡ ಅದೇ, ಸ್ವಲ್ಪ ಜೋರು. ಅಮೆರಿಕದ ಕಡೆಯವರು "ಆನ್ ದ ಮನಿ" ಅನ್ನುತ್ತಾರೆ. ಸಮಯಕ್ಕಾದರೆ "ಆನ್ ದ ಡಾಟ್". ಹೇಳಿದ ಆಜ್ಞೆಗಾದರೆ "ಟು ದ ಲೆಟರ್".

ಇನ್ನೊಂದು ಚೆಂದದ್ದು, "ಡನ್ ಟು ಎ ಟರ್ನ್". ಅಡುಗೆಗೆ ಮಾತ್ರ. ಮಾಂಸವನ್ನು ಸಲಾಕೆಗೆ ಚುಚ್ಚಿ ಬೆಂಕಿ ಮೇಲೆ ತಿರುಗಿಸುವ ಕಾಲದ ಮಾತು. ಎಷ್ಟು ಸುತ್ತು ಬೇಕೋ ಅಷ್ಟೇ ಸುತ್ತು, ಒಂದು ಸುತ್ತು ಜಾಸ್ತಿ ಆದರೆ ಸೀದಿತು.

ಡ್ರಾಯಿಂಗ್ ಶೀಟ್
ಅದಕ್ಕೆ ನಮ್ಮಲ್ಲಿ "ಹದ" ಇದೆಯಲ್ಲ. ಹದವಾಗಿ ಬೆಂದಿದೆ, ಪಾಕ ಹದಕ್ಕೆ ಬಂತು. ಗಾರೆಗೂ ಹದ, ಮಣ್ಣಿಗೂ ಹದ. ಇದೊಂದರಲ್ಲಿ ನಾವೇ ಮುಂದೆ.

ಹೊಲಿಗೆ ಮಷಿನ್
ಕೋಟಿನ ವಿಷಯ ಅಂದಿದ್ದಕ್ಕೆ ಬಂದೆ. ನಾನು 22 ವರ್ಷದಿಂದ ಟೈಲರ್. ಹೆಂಗಸರ ಬ್ಲೌಸು ಜಾಸ್ತಿ, ಗಂಡಸರದೂ ಹೊಲಿಯುತ್ತೇನೆ.

ನೀವೆಲ್ಲ ಮರೆತಿರೋ ಮಾತು ಒಂದಿದೆ, "ಹೇಳಿ ಮಾಡಿಸಿದ ಹಾಗಿದೆ". ಆದರೆ ಇದರಲ್ಲಿ ಒಂದು ತಮಾಷೆ ಇದೆ ನೋಡಿ. ಈ ಮಾತು ನನ್ನ ಅಂಗಡಿಯಲ್ಲಿ ನಾನು ಕೇಳಿಯೇ ಇಲ್ಲ. ರೆಡಿಮೇಡ್ ತಂದು ಹಾಕಿಕೊಂಡಾಗ, ಅಕ್ಕನದು ತಂಗಿಗೆ ಸರಿ ಹೋದಾಗ, ಆಗ ಅಂತಾರೆ ಹೇಳಿ ಮಾಡಿಸಿದ ಹಾಗಿದೆ ಅಂತ. ನಿಜವಾಗಿ ಹೇಳಿ ಮಾಡಿಸಿದ್ದಕ್ಕೆ ಯಾರೂ ಅನ್ನಲ್ಲ. ಅಳತೆ ಬ್ಲೌಸು ಕೊಟ್ಟಿರುತ್ತಾರೆ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗುರುತಿನ ಹೊರಗೆ ಹೊಲಿಗೆಗೆ ಬಟ್ಟೆ ಬಿಟ್ಟು ಕತ್ತರಿ ಓಡಿಸಿ, ಗುರುತಿನ ಮೇಲೇ ಹೊಲಿದಿರುತ್ತೇನೆ. ಹಾಕಿಕೊಂಡು ಕನ್ನಡಿ ಮುಂದೆ ಕೈ ಎತ್ತಿ ನೋಡಿ ಅವರು ಹೇಳುವುದು ಒಂದೇ: "ಕಂಕುಳಲ್ಲಿ ಸ್ವಲ್ಪ ಬಿಗಿ ಅಲ್ವಾ?" ಪೂರ್ತಿ ಸರಿ ಇದ್ದರೆ ಏನೂ ಹೇಳದೆ ದುಡ್ಡು ಕೊಟ್ಟು ಹೋಗುತ್ತಾರೆ. ನನಗೆ ಅದೇ ಹೊಗಳಿಕೆ.

ನಿಮ್ಮ ಹುಡುಗನದು ತಾತನ ಕೋಟು ಅಂದ್ರಲ್ಲ. ಅಂದರೆ ಬೇರೆಯವರ ಅಳತೆಗೆ ಹೊಲಿದದ್ದು ಇವನಿಗೆ ಕೂತಿದೆ. ಆ ಅಜ್ಜಿ ನಮ್ಮೂರಿನವಳಾಗಿದ್ದರೆ "ನಿನಗೇ ಹೊಲಿಸಿದ ಹಾಗಿದೆ ಕಣೋ" ಅಂತಿದ್ದಳು.

ಸಬ್‌ಟೈಟಲ್ ಸಂಕಟ
ಅಯ್ಯೋ ಅಣ್ಣಾ, ಇದೇ! ಮೂರು ದಿನದಿಂದ ಇದನ್ನೇ ಹುಡುಕುತ್ತಿದ್ದೆ. ತಾತನ ಕೋಟು ಅನ್ನುವುದೂ ಆ ಸಾಲಿನೊಳಗೇ ಬಂದುಬಿಡುತ್ತೆ.

ಸುಮ್ನೆ ಓದುಗ
ಪೊಲೀಸ್ ಸಾಲು ನಂದು. "ಥೇಟ್ ಅವನೇ". ಎರಡು ಪದ. ಹೋಲಿಕೆಗೆ ಥೇಟ್ ಬಿಟ್ಟರೆ ಬೇರೆ ಇಲ್ಲ.

ಕರಡು ತಿದ್ದುವವಳು
ಚೆನ್ನಾಗಿದೆ. ಮುಖ ಮೈಕಟ್ಟು ಹೋಲಿಸುವುದಾದರೆ ಸರಿ. ಸಾಕ್ಷಿ ಹೇಳಿದವರು ಅವನ ಸ್ವಭಾವ ಹೇಳಿದ್ದರೆ ಮಾತ್ರ ಸ್ವಲ್ಪ ಯೋಚಿಸಿ. ಕಳ್ಳರದ್ದಕ್ಕೆ "ಚಾಚೂ ತಪ್ಪದೆ" ಇದೆ. ಈ ಪದದ ವಿಚಿತ್ರ ಗಮನಿಸಿದ್ದೀರಾ? ಯಾವಾಗಲೂ ತಪ್ಪದೆ ಇರುವುದು ಮಾತ್ರ. ಚಾಚು ತಪ್ಪಿತು ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಆಜ್ಞೆ, ನಿಯಮ, ಮಾತು, ವ್ರತ, ಇವಕ್ಕೆ ಹೊಂದುತ್ತೆ. ಕೋಟಿಗೆ ಹೊಂದುವುದಿಲ್ಲ.

ಲೀಡ್ಸ್ ಚಳಿ
ಅರ್ಥ ಸರಿ. ಆದರೆ ಬ್ಯಾಂಕ್ ದೋಚಿ ಬಂದು ಗಾಡಿಯಲ್ಲಿ ಕೂತವನು ಏದುಸಿರು ಬಿಡುತ್ತಾ "ಯೋಜನೆಯನ್ನು ಚಾಚೂ ತಪ್ಪದೆ ಪಾಲಿಸಿದೆವು" ಅಂತಾನಾ? ಸಹಕಾರ ಸಂಘದ ವಾರ್ಷಿಕ ವರದಿ ಓದಿದ ಹಾಗಿರುತ್ತೆ.

ಡ್ರಾಯಿಂಗ್ ಶೀಟ್
ನಮ್ಮ ಸೈಟಿನಲ್ಲಿ ಮೇಸ್ತ್ರಿ ಹೇಳುವುದು "ಒಂದ್ ದಾರ ಆಚೀಚೆ ಆಗಿಲ್ಲ ಸಾರ್". ಗೋಡೆ ಕಟ್ಟುವಾಗ ದಾರ ಕಟ್ಟಿಕೊಳ್ಳುತ್ತಾರಲ್ಲ, ಅದರ ದಪ್ಪವೇ ಅವರಿಗೆ ಕಡೆಯ ಅಳತೆ. ಆಮೇಲೆ ರಸಮಟ್ಟ ಇಟ್ಟು ಗುಳ್ಳೆ ಮಧ್ಯಕ್ಕೆ ಬಂದದ್ದು ತೋರಿಸುತ್ತಾರೆ. ಕರಡಿನ ಅಕ್ಕ ಹೇಳಿದ ಕೂದಲು, ಚುಕ್ಕಿ, ಸೊನ್ನೆ, ಎಲ್ಲ ಅದೇ ಲೆಕ್ಕ ಅಲ್ವಾ? ಅವರವರ ಕೆಲಸದಲ್ಲಿ ಯಾವುದು ಎಲ್ಲಕ್ಕಿಂತ ಸಣ್ಣದೋ ಅದರ ಹೆಸರು ಹೇಳುತ್ತಾರೆ. ಹಾಗಾಗಿ ಮೂರು ಕಡೆ ಒಂದೇ ಪದ ಹಾಕುವುದು ಕನ್ನಡಕ್ಕೆ ಒಗ್ಗುವುದಿಲ್ಲ ಅಂತ ನನ್ನ ಅನಿಸಿಕೆ. ನಿಮ್ಮ ಪರಿಶೀಲಕರು ಬೈದದ್ದು ಸರಿಯೇ ಇದೆ, ಬೇಜಾರಾಗಬೇಡಿ.

ಧಾರವಾಡ ಫೇಡೆ
ಖರೇ ಹೇಳಬೇಕಂದ್ರ ಜನ ಅನ್ನೋದು "ಕರೆಕ್ಟ್". ಕರೆಕ್ಟಾಗಿ ಕೂತಿದೆ, ಕರೆಕ್ಟಾಗಿ ಹೇಳಿದೆ, ಕರೆಕ್ಟ್ ಹತ್ತು ಗಂಟೆಗೆ. ಇಷ್ಟೆಲ್ಲ ಚರ್ಚೆ ಮಾಡಿ ನಾಳೆ ಬೆಳಿಗ್ಗೆ ಹಾಲಿನವನ ಹತ್ತಿರ ಎಲ್ಲರೂ ಇದನ್ನೇ ಅನ್ನೋದು.

ಸಬ್‌ಟೈಟಲ್ ಸಂಕಟ
ಅದು ನಿಜ, ಒಪ್ಪಿದೆ. ಆದರೆ ಕರೆಕ್ಟ್ ಅಂದರೆ ತಪ್ಪಿಲ್ಲ ಅಂತ ಅಷ್ಟೇ. ಅಜ್ಜಿಯ ಗಂಟಲು ಕಟ್ಟಿರುತ್ತೆ ಆ ದೃಶ್ಯದಲ್ಲಿ, ಗಂಡನ ಕೋಟು ಅದು.

ಸರಿ, ಇವತ್ತು ಹೀಗೆ ಕಳಿಸುತ್ತಿದ್ದೇನೆ.
ಅಜ್ಜಿ: "ನಿನಗೇ ಹೊಲಿಸಿದ ಹಾಗಿದೆ ಕಣೋ."
ಪೊಲೀಸ್: "ಥೇಟ್ ಅವನೇ." ದೃಶ್ಯ ಇನ್ನೊಂದು ಸಲ ನೋಡಿದೆ, ಮುಖದ ವರ್ಣನೆಯೇ ಅದು.
ಕಳ್ಳ: "ನೀನು ಹೇಳಿದ್ದು ಹೇಳಿದ ಹಾಗೇ ಮಾಡಿದ್ವಿ ಅಣ್ಣಾ, ಒಂದಿಂಚೂ ಆಚೀಚೆ ಆಗಿಲ್ಲ." ದಾರ ಹಾಕೋಣ ಅಂತ ಆಸೆ ಇತ್ತು ಶೀಟ್ ಸರ್, ಆದರೆ ಕಳ್ಳನಿಗೆ ಗಾರೆ ಕೆಲಸ ಗೊತ್ತಿರಬೇಕಲ್ಲ.

ಕರಡು ತಿದ್ದುವವಳು
ಕಳ್ಳನ ಸಾಲು ಉದ್ದ ಆಯಿತು. ಕೊನೆಯ ತುಂಡು ತೆಗೆಯಿರಿ, ಮೊದಲರ್ಧದಲ್ಲೇ ಎಲ್ಲ ಇದೆ.

ಹೊಲಿಗೆ ಮಷಿನ್
ಬೇಡಕ್ಕಾ, ಇರಲಿ ಬಿಡಿ. ತಪ್ಪು ಮಾಡಿದವನು ಎರಡೆರಡು ಸಲ ಹೇಳ್ತಾನೆ.

ಸಬ್‌ಟೈಟಲ್ ಸಂಕಟ
ಹಹ್ಹಾ, ಮುಂದಿನ ಕಂತಿನಲ್ಲಿ ಗೊತ್ತಾಗುತ್ತೆ, ಅವರು ನಿಜವಾಗಲೂ ಒಂದು ತಪ್ಪು ಮಾಡಿರುತ್ತಾರೆ! ಹಾಗಾದರೆ ಆ ತುಂಡು ಉಳಿಸುತ್ತೇನೆ.

ಅದೇ ಮುಂದಿನ ಕಂತಿನಲ್ಲಿ ಒಬ್ಬ ನಾಟಕದ ಡೈರೆಕ್ಟರ್ ಇನ್ನೊಬ್ಬನ ಸ್ಕ್ರಿಪ್ಟ್ ಓದಿ ಮುಖ ಸಿಂಡರಿಸಿ "ಟೂ ಆನ್ ದ ನೋಸ್" ಅನ್ನುತ್ತಾನೆ. ಅದೂ ನಿಖರ ಅಂತಲೇ ಅರ್ಥ ಅಲ್ವಾ? ಹೊಗಳುತ್ತಿದ್ದರೆ ಮುಖ ಯಾಕೆ ಹಾಗೆ ಮಾಡ್ತಾನೆ?

ಲೀಡ್ಸ್ ಚಳಿ
ಅಲ್ಲ ಅಲ್ಲ, ಹುಷಾರು. ಹೊತ್ತು, ಲೆಕ್ಕ, ಊಹೆ ಸರಿಯಾದರೆ ಅದು ಹೊಗಳಿಕೆ. ನಾಟಕ ಸಿನಿಮಾದ ಮಾತಿಗೆ ಅಂದರೆ ಬೈಗುಳ. ಪಾತ್ರ ಮನಸ್ಸಿನಲ್ಲಿ ಇರುವುದನ್ನೆಲ್ಲ ಒಂದೂ ಬಿಡದೆ ಬಾಯಿಬಿಟ್ಟು ಹೇಳಿಬಿಡುತ್ತೆ, ನೋಡುವವರಿಗೆ ಊಹಿಸಲು ಏನೂ ಉಳಿಸಿಲ್ಲ ಅಂತ. "ಎಲ್ಲಾ ಒದರಿಬಿಟ್ಟಿದ್ದೀಯಲ್ಲಯ್ಯಾ" ಅಂತ ಹಾಕಿ. ಆಸ್ಟ್ರೇಲಿಯಾದವನು ಅಂದಿದ್ದರೆ ಇನ್ನೊಂದು ಸಲ ಕೇಳಿ ನೋಡಿ, ಅಲ್ಲಿ ಅದಕ್ಕೆ ಗಬ್ಬು ನಾರುತ್ತಿದೆ ಅಂತ ಅರ್ಥ.